ನಾಲ್ಕು ಹೆಜ್ಜೆಯ ವ್ಯಾಪಾರ

ಹೋದ ಭಾನುವಾರ ಐರೋಲಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಒಂದು ಗಂಟೆ ಐವತ್ತು ನಿಮಿಷ ಕೂತಿದ್ದೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾನೆ ಎಂದು ನಿಮಗೆ ಅನುಮಾನ ಬರಬಹುದು. ನಾನು ಡೈರಿ ಬರೆಯುವವನು. ಎದ್ದ ಸಮಯ, ಹತ್ತಿದ ಲೋಕಲ್, ತಪ್ಪಿಹೋದ ಲೋಕಲ್, ಕುಡಿದ ಚಹಾ ಎಲ್ಲಕ್ಕೂ ನನ್ನಲ್ಲಿ ಲೆಕ್ಕ ಇರುತ್ತದೆ. ಇಷ್ಟೆಲ್ಲ ಲೆಕ್ಕ ಇಟ್ಟವನು ಜೀವನದಲ್ಲಿ ಬೇಗ ಬೇಗ ತೀರ್ಮಾನ ಮಾಡುತ್ತಾನೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನಾನು ಕೊಳ್ಳಲು ಹೋದದ್ದು ಒಂದು ಮೇಜು. ಬೇಕು ಎಂದು ಅನಿಸಿ ಐದು ವರ್ಷವಾಗಿದೆ. ಅಷ್ಟೂ ದಿನ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದಿದ್ದೇನೆ.

ಅಂಗಡಿಯವನು ಮರಾಠಿ ಮಾತಾಡುವ ನಡುವಯಸ್ಸಿನ ಮನುಷ್ಯ, ತಾಳ್ಮೆ ಇದ್ದವನು. ಮೇಜಿನ ಡ್ರಾಯರ್ ಸ್ವಲ್ಪ ಬಿಗಿ ಎಂದೆ. ಅವನು ಮೂತಿ ಚೂಪಾದ ಪುಟ್ಟ ಡಬ್ಬಿ ತಂದು ಎರಡು ಹನಿ ಮಶೀನ್ ಎಣ್ಣೆ ಬಿಟ್ಟು, ಡ್ರಾಯರನ್ನು ಹಿಂದೆ ಮುಂದೆ ಆಡಿಸಿ ತೋರಿಸಿದ. ಆ ವಾಸನೆ ಬಂದದ್ದೇ ತಡ, ನಾನು ಮೇಜನ್ನು ಮರೆತೆ. 1994ರ ನನ್ನ ಡೈರಿಯಲ್ಲಿ ಒಂದು ಪುಟಕ್ಕೆ ಇದೇ ವಾಸನೆ ಇದೆ. ನವೆಂಬರ್ ಹದಿಮೂರು, ಭಾನುವಾರ. ಪುಟದ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಎಣ್ಣೆಯ ಕಲೆ.

ಆಗ ನಾನು ಡೋಂಬಿವಲಿಯ ಚಾಳಿನಲ್ಲಿದ್ದೆ, ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಕ್ಲರ್ಕ್. ಅಲ್ಲಿಯ ಒಂದೇ ಕೋಣೆಯ ಖೋಲಿಯಲ್ಲಿ ಮೊದಲು ನಾನೂ ಅಕ್ಕನೂ ಇದ್ದೆವು. ಅಕ್ಕ ಪಿಕೋ ಮಶೀನ್ ಇಟ್ಟುಕೊಂಡು ಸುತ್ತಲಿನ ಹೆಂಗಸರ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು, ಅಂಚಿಗೆ ಪಿಕೋ ಹಾಕುತ್ತಿದ್ದಳು. ಕಾಲಲ್ಲಿ ತುಳಿಯುವ ಮಶೀನು, ಕಬ್ಬಿಣದ ಸ್ಟ್ಯಾಂಡು. ಅವಳು ಮದುವೆಯಾಗಿ ಮಂಗಳೂರಿಗೆ ಹೋಗುವಾಗ ಮಶೀನು ನನ್ನ ಪಾಲಿಗೆ ಉಳಿಯಿತು. ಗಾಡಿ ಹತ್ತುವ ಮೊದಲು ಅವಳು ನಮ್ಮ ಕುಂದಾಪುರದ ಭಾಷೆಯಲ್ಲಿ ಹೇಳಿದ್ದು ಇಷ್ಟು: "ಮಾರುದಾರೆ ಮಾರ್, ಇಟ್ಕಂಬುದಾರೆ ಇಟ್ಕೋ, ದುಡ್ಡ್ ನಿಂದೇ. ಆರೆ ಎಂತದಾರೂ ಒಂದ್ ಮಾಡ್ ಮಾರಾಯಾ."

ಎಂತದಾರೂ ಒಂದು ಮಾಡುವುದು, ಅದೇ ನನ್ನಿಂದ ಆಗದ ಕೆಲಸ. ಡೈರಿಯಲ್ಲಿ ಒಂದು ಪುಟಕ್ಕೆ ನಡುವೆ ಗೆರೆ ಎಳೆದು ಒಂದು ಬದಿಗೆ ಮಾರಲು ಕಾರಣಗಳು, ಇನ್ನೊಂದು ಬದಿಗೆ ಇಟ್ಟುಕೊಳ್ಳಲು ಕಾರಣಗಳು ಎಂದು ಬರೆದೆ. ಹದಿನಾಲ್ಕಕ್ಕೆ ಹದಿನಾಲ್ಕು ಬಂತು. ಇಟ್ಟುಕೊಳ್ಳುವ ಬದಿಯ ಮೊದಲ ಕಾರಣ, ಆ ಪುಟವನ್ನು ಬರೆದದ್ದೇ ಮಶೀನಿನ ಹಲಗೆಯ ಮೇಲೆ ಎಂಬುದು. ಅಕ್ಕ ಹೋದ ಮೇಲೆ ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ ಬರೆಯುವ ಮೇಜು ಮಾಡಿಕೊಂಡಿದ್ದೆ. ಯೋಚನೆ ಹತ್ತದಾಗ ಕಾಲು ಪೆಡಲಿನ ಮೇಲೆ ಆಡುತ್ತಿತ್ತು. ನನ್ನ ಆ ವರ್ಷದ ಅಕ್ಷರ ಅಲ್ಲಲ್ಲಿ ನಡುಗಿರುವುದಕ್ಕೆ ಅದೇ ಕಾರಣ, ಭಾವೋದ್ವೇಗ ಅಲ್ಲ.

ಭಾನುವಾರಗಳಂದು ನನಗೆ ಇನ್ನೊಂದು ಕೆಲಸವಿತ್ತು. ಕಲ್ಯಾಣದ ದೂಧ್ ನಾಕಾದಲ್ಲಿ ಭಟ್ಕಳದ ಇಸ್ಮಾಯಿಲ್ ಮಾಸ್ಟರು ಎಂಬ ನಿವೃತ್ತ ಉಪಾಧ್ಯಾಯರು ಮಗನ ಮನೆಯಲ್ಲಿದ್ದರು. ಅರಬ್ಬಿ, ಉರ್ದು ಎರಡೂ ಓದಿದವರು. ಇಸ್ಲಾಮಿನಲ್ಲಿ ವ್ಯಾಪಾರದ ನಿಯಮಗಳೇನು, ಯಾವುದು ಸರಿ, ಯಾವುದು ತಪ್ಪು ಎಂದು ಕನ್ನಡದಲ್ಲಿ ಒಂದು ಸರಳ ಪುಸ್ತಕ ಬರೆಯುತ್ತಿದ್ದರು. ಭಿವಂಡಿಯಲ್ಲಿ ಮೂಟೆ ಹೊರುವ, ಲೂಮ್ ನಡೆಸುವ ಬಿಜಾಪುರ, ಗುಲ್ಬರ್ಗದ ಕಡೆಯ ಮುಸ್ಲಿಮರಲ್ಲಿ ಹಲವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಅವರಿಗಾಗಿ ಈ ಪುಸ್ತಕ. ಮಾಸ್ಟರಿಗೆ ಕೈ ನಡುಗುತ್ತಿತ್ತು. ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಬೇಕಿತ್ತು. ನನ್ನ ಅಕ್ಷರ ಚೆನ್ನಾಗಿದೆ ಎಂದು ಯಾರೋ ಹೇಳಿದ್ದರಂತೆ.

ಮೊದಲ ದಿನವೇ ನಾನು ಒಂದು ನಿಯಮ ಮುರಿದೆ. ಕೂಲಿ ಎಷ್ಟು ಬೇಕೆಂದು ಕೇಳಿದರು. ನಾನು ದೊಡ್ಡ ಮನುಷ್ಯನ ಹಾಗೆ, "ನಿಮಗೆ ಇಷ್ಟ ಬಂದಷ್ಟು ಕೊಡಿ ಮಾಸ್ಟ್ರೇ" ಎಂದೆ.

ಅವರು ಕನ್ನಡಕ ತೆಗೆದರು. "ಇಷ್ಟ ಬಂದಷ್ಟು ಅಂದ್ರೆ ಎಷ್ಟು?"

"ಅಂದ್ರೆ, ನಿಮಗೆ ತೋಚಿದಷ್ಟು."

"ನನಗೆ ಒಂದು ರೂಪಾಯಿ ತೋಚ್ತದೆ. ನಿನ್ನ ಮನಸ್ಸಿನಲ್ಲಿ ಐದು ಇರ್ತದೆ. ನಾಳೆ ಹೊರಗೆ ಹೋಗಿ ಮಾಸ್ಟರು ಕಂಜೂಸು ಅಂತೀಯ. ಕೂಲಿ ಇಷ್ಟು ಅಂತ ಹೇಳದೆ ಕೆಲಸ ಹಚ್ಚುವ ಹಾಗಿಲ್ಲ ಮಾರಾಯ. ಇದೇ ಪುಸ್ತಕದಲ್ಲಿ ಬರ್ತದೆ ಅದು, ನೀನೇ ಬರೀಬೇಕು."

ಪುಟಕ್ಕೆ ಎರಡು ರೂಪಾಯಿ ಎಂದು ನಿಗದಿಯಾಯಿತು. ನನ್ನ ಮನಸ್ಸಿನಲ್ಲಿ ನಿಜಕ್ಕೂ ಇದ್ದದ್ದು ಒಂದೂವರೆ.

ಹೀಗೆ ಮೂವತ್ತೊಂದು ಭಾನುವಾರ ಬರೆದೆ. ನೀವೂ ನನ್ನ ಹಾಗೆ, ಈ ಕಾನೂನು ಎಂದರೆ ಬಡ್ಡಿ ಬೇಡ ಎನ್ನುವುದೊಂದೇ ಎಂದು ತಿಳಿದಿರಬಹುದು. ನಾನು ಮೊದಲ ವಾರವೇ ಬಡ್ಡಿಯ ಅಧ್ಯಾಯ ಯಾವಾಗ ಎಂದು ಕೇಳಿದ್ದೆ. "ಎಲ್ಲರೂ ಅಲ್ಲಿಗೇ ಓಡ್ತಾರೆ" ಎಂದು ಮಾಸ್ಟರು ನಕ್ಕಿದ್ದರು. ಅವರ ಪ್ರಕಾರ ಬುಡ ಇರುವುದು ಬೇರೆ ಕಡೆ: ಇಬ್ಬರ ಮನಸ್ಸಿನ ಒಪ್ಪಿಗೆಯಲ್ಲಿ. ಇಬ್ಬರೂ ಮನಃಪೂರ್ವಕ ಒಪ್ಪಿ ಮಾಡಿದ್ದು ವ್ಯಾಪಾರ. ಉಳಿದದ್ದು ಒಬ್ಬರನ್ನೊಬ್ಬರು ನುಂಗುವುದು. ಮಾಲಿನ ದೋಷ ಮುಚ್ಚಿಡಬಾರದು, ಏಕೆಂದರೆ ಗೊತ್ತಿಲ್ಲದೆ ಒಪ್ಪಿದ್ದು ಒಪ್ಪಿಗೆಯಲ್ಲ. ಬಲೆಗೆ ಬೀಳದ ಮೀನು ಮಾರಬಾರದು, ಏಕೆಂದರೆ ಏನನ್ನು ಒಪ್ಪಿದೆ ಎಂದೇ ಕೊಂಡವನಿಗೆ ಗೊತ್ತಿರುವುದಿಲ್ಲ. ಒಬ್ಬನ ಜೊತೆ ಮಾತು ಮುಗಿದ ಮೇಲೆ ಇನ್ನೊಬ್ಬ ನಡುವೆ ತಲೆ ಹಾಕಬಾರದು. ಬಡ್ಡಿಯೂ ಈ ಸಾಲಿನಲ್ಲಿ ಬಂತು. ಗತಿಯಿಲ್ಲದವನ 'ಹೂಂ' ಕೂಡ ಪೂರ್ತಿ ಒಪ್ಪಿಗೆಯಲ್ಲ ಎಂದು ಮಾಸ್ಟರು ಬರೆಸಿದರು. ಆ ಅಧ್ಯಾಯವನ್ನು ಬಹಳ ಸುಂದರವಾದ ಅಕ್ಷರದಲ್ಲಿ ಬರೆದೆ. ಜೇಬಿನಲ್ಲಿ ಪೋಸ್ಟ್ ಆಫೀಸಿನ ಪಾಸ್‌ಬುಕ್ ಇತ್ತು. ಮಾರನೆಯ ದಿನ ಬಡ್ಡಿ ಏರಿಸಿಕೊಂಡು ಬಂದೆ.

ಈ ಬೈಠಕ್ಕಿನಲ್ಲಿ ಮೂರನೆಯವನು ಒಬ್ಬನಿದ್ದ. ರಾಜಾಸಾಬ, ಬಿಜಾಪುರದ ಇಂಡಿ ಕಡೆಯವನು, ಭಿವಂಡಿಯ ಗೋದಾಮುಗಳಲ್ಲಿ ಹಮಾಲಿ ಮಾಡುತ್ತಿದ್ದ. ಬರೆದದ್ದನ್ನೆಲ್ಲ ಮಾಸ್ಟರು ನನ್ನಿಂದ ಅವನಿಗೆ ಓದಿಸುತ್ತಿದ್ದರು. ಅವನಿಗೆ ತಿಳಿದರೆ ಪುಟ ಪಾಸು. ತಿಳಿಯದಿದ್ದರೆ ಅವನು ತಲೆ ಕೆರೆದುಕೊಂಡು, "ಮಾಸ್ತರ, ಇದು ಸ್ವಲ್ಪ ದಪ್ಪ ಆತ್ರಿ" ಎನ್ನುತ್ತಿದ್ದ. ನಾನು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ದೊಡ್ಡವನು. ಆದರೂ ಅವನು ನನ್ನನ್ನು 'ರೈಟರ್ ಅಣ್ಣಾರ' ಎನ್ನುತ್ತಿದ್ದ, ನಾನು ಅವನಿಗೆ 'ನೀನು' ಎನ್ನುತ್ತಿದ್ದೆ. ಪೆನ್ನು ಹಿಡಿದದ್ದಕ್ಕೆ ಸಿಕ್ಕ ಸವಲತ್ತು ಎಂದು ನಾನು ಅದನ್ನು ಎಂದೂ ಪ್ರಶ್ನಿಸಿರಲಿಲ್ಲ.

ಇಬ್ಬರೂ ಮುಸ್ಲಿಮರೇ ಆದರೂ ಮಾಸ್ಟರ ಪಂಥ ಬೇರೆ, ಅವನದು ಬೇರೆ. ಕರಾವಳಿಯವರು ಶಾಫಿ, ಬಿಜಾಪುರದ ಕಡೆಯವರು ಹನಫಿ. ಬುಡ ಒಂದೇ, ಕೆಲವು ವಿಷಯಗಳಲ್ಲಿ ಪಂಡಿತರ ತೀರ್ಪು ಬೇರೆ ಬೇರೆ. ಮಾಸ್ಟರು ಎರಡನ್ನೂ ಬರೆಸುತ್ತಿದ್ದರು. ಆ ನವೆಂಬರ್ ಹದಿಮೂರರಂದು ಬಂದದ್ದು ಅಂಥದೇ ಒಂದು ವಿಷಯ: ಮಾತಾದ ವ್ಯಾಪಾರ ಯಾವಾಗ ಗಟ್ಟಿಯಾಗುತ್ತದೆ?

ಹನಫಿಗಳ ಪ್ರಕಾರ, ಒಬ್ಬ 'ಕೊಟ್ಟೆ', ಇನ್ನೊಬ್ಬ 'ತಗೊಂಡೆ' ಎಂದರೆ ಮುಗಿಯಿತು. ಶಾಫಿಗಳ ಪ್ರಕಾರ ಮುಗಿಯಲಿಲ್ಲ. ಅವರಿಬ್ಬರೂ ಒಬ್ಬರಿಂದೊಬ್ಬರು ಅಗಲುವ ತನಕ ಯಾರು ಬೇಕಾದರೂ ಮಾತು ಹಿಂದೆ ತಗೊಳ್ಳಬಹುದು. ನಾಲಿಗೆ ಬೇಗ ಒಪ್ಪುತ್ತದೆ, ಮನಸ್ಸಿಗೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತು ಇದು ಎಂದರು ಮಾಸ್ಟರು. ಇಬ್ಬರೂ ಜೊತೆಯಾಗಿ ಎದ್ದು ಊರಿಂದ ಊರಿಗೆ ನಡೆದು ಹೋದರೂ ಆ ಹಕ್ಕು ಉಳಿದೇ ಇರುತ್ತದೆಯಂತೆ.

ನನಗೆ ರೋಮಾಂಚನವಾಯಿತು. ತೀರ್ಮಾನ ಮಾಡಲಾಗದವನಿಗೆ ಇಷ್ಟು ಗೌರವ ಕೊಟ್ಟ ಕಾನೂನನ್ನು ನಾನು ಕಂಡಿರಲೇ ಇಲ್ಲ.

"ಡೋಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಮಾತಾದರೆ ಮಾಸ್ಟ್ರೇ?"

"ಆ ಗಾಡಿಯಲ್ಲಿ ಥಾಣೆ ಬರುವ ತನಕ ಯಾರೂ ಯಾರನ್ನೂ ಅಗಲುವ ಹಾಗಿಲ್ಲ. ವ್ಯಾಪಾರ ಥಾಣೆಯಲ್ಲೇ ಗಟ್ಟಿ."

ಮುಂದೆ ಬರೆಸಿದರು: ಹಿಂದಿನ ಕಾಲದ ಒಬ್ಬ ಹಿರಿಯರು, ಕೊಂಡದ್ದು ತಮಗೆ ಮೆಚ್ಚಿಗೆಯಾದರೆ, ಎದ್ದು ಸ್ವಲ್ಪ ನಡೆದು ಹೋಗಿ ವಾಪಸು ಬರುತ್ತಿದ್ದರಂತೆ, ವ್ಯಾಪಾರ ಗಟ್ಟಿಯಾಗಲಿ ಎಂದು.

"ಎಷ್ಟು ಹೆಜ್ಜೆ ಮಾಸ್ಟ್ರೇ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ನಾಲ್ಕು ಅಂತ ಬರ್ಕೋ, ನಿನ್ನ ಸಮಾಧಾನಕ್ಕೆ. ನಮಾಜಿಲ್ಲ, ರೋಜಾ ಇಲ್ಲ, ನಮ್ಮ ಧರ್ಮದಲ್ಲಿ ನಿನಗೆ ರುಚಿಸಿದ್ದು ಇದೊಂದೇ ನೋಡು."

ಅದರ ಕೆಳಗೆ ಇನ್ನೊಂದು ವಾಕ್ಯ ಬರೆಸಿದರು. ಆಗ ಚಹಾ ಬಂತು. ವಾಕ್ಯವನ್ನು ಬರೆದೆ, ಮನಸ್ಸು ಬಿಸ್ಕತ್ತಿನ ಮೇಲಿತ್ತು.

ಚಹಾ ಕುಡಿಯುತ್ತ ರಾಜಾಸಾಬ ಕೇಳಿದ. "ಅಣ್ಣಾರ, ಆ ಮಶೀನಿಂದ ಏನ್ ಮಾಡಿದ್ರಿ?" ಹಿಂದೊಮ್ಮೆ ಕಾಗದದ ಕಟ್ಟು ಹೊತ್ತು ನನ್ನ ಖೋಲಿಗೆ ಬಂದಾಗ ಅವನು ಬೆಡ್‌ಶೀಟ್ ಎತ್ತಿ ಅದನ್ನು ನೋಡಿದ್ದ. ಕೊಡುವುದಾದರೆ ಹದಿನೆಂಟು ನೂರಕ್ಕೆ ಎಂದೆ. ದೋಷ ಮುಚ್ಚಿಡಬಾರದು ಎಂದು ನಾನೇ ಬರೆದಿದ್ದೆನಲ್ಲ, ಹಾಗಾಗಿ ಡೈರಿ ತೆಗೆದು ಪಟ್ಟಿ ಓದಿದೆ. ಬೆಲ್ಟು ಜಾರುತ್ತದೆ, ದಪ್ಪ ಬಟ್ಟೆಗೆ ಹೊಲಿಗೆ ತಪ್ಪುತ್ತದೆ, ಹಲಗೆಯ ಬಲ ಮೂಲೆ ಸೀಳಿದೆ, ಸ್ಟ್ಯಾಂಡಿನ ಒಂದು ಕಾಲು ಕುಂಟು. ಒಟ್ಟು ಏಳು ದೋಷ.

ಅವನು ಬಸಿಯನ್ನು ಕೆಳಗಿಟ್ಟ. "ಅಣ್ಣಾರ, ಮಾರಾಕತ್ತೀರೋ, ಬೈಯಾಕತ್ತೀರೋ?"

ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. "ತಗೊಂಡೆ" ಎಂದ ರಾಜಾಸಾಬ. "ಕೊಟ್ಟೆ" ಎಂದೆ ನಾನು. ಸಮಯ ಹತ್ತು ಇಪ್ಪತ್ತು.

ಹತ್ತು ಇಪ್ಪತ್ತೊಂದಕ್ಕೆ ನನಗೆ ಟೇಲರ್ ನೆನಪಾದ. ನಮ್ಮ ಚಾಳಿನಲ್ಲಿ ಒಬ್ಬ ಲೇಡೀಸ್ ಟೇಲರ್ ಇದ್ದ. ಹಿಂದಿನ ದಿನ ಅವನು ಮಶೀನು ನೋಡಿ, ಎರಡು ಸಾವಿರದ ನೂರರ ತನಕ ಬಂದೇನು, ಭಾನುವಾರ ಸಂಜೆ ಏಳಕ್ಕೆ ಹೇಳುತ್ತೇನೆ ಎಂದಿದ್ದ. ಮುನ್ನೂರು ರೂಪಾಯಿ ವ್ಯತ್ಯಾಸ. ನನ್ನ ಬೆಡ್‌ಶೀಟ್ ಹೊದಿಸಿದ ಮೇಜು ಬೇರೆ ಕಣ್ಣೆದುರು ಬಂತು. ಎರಡು ಸಾವಿರದ ನೂರಾದರೆ ಕೊಡುವುದೋ, ಹದಿನೆಂಟು ನೂರಾದರೆ ಇಟ್ಟುಕೊಳ್ಳುವುದೋ? ಯೋಚಿಸಲು ಸಮಯ ಬೇಕಿತ್ತು. ಸಮಯ ಹೇಗೆ ಪಡೆಯಬೇಕೆಂದು ಐದು ನಿಮಿಷದ ಹಿಂದಷ್ಟೆ ನನ್ನ ಕೈಯಾರೆ ಬರೆದಿದ್ದೆ. ಅಗಲದಿದ್ದರೆ ಆಯಿತು. ರಾಜಾಸಾಬ ಎದ್ದು, "ದುಡ್ಡು ಭಿವಂಡಿ ಖೋಲಿಯೊಳಗ ಅದರಿ, ತಗೊಂಡು ಸಂಜಿಮುಂದ ನಿಮ್ಮ ಕಡೆ ಬರ್ತೀನಿ" ಎಂದಾಗ ನಾನೂ ಚಪ್ಪಲಿ ಮೆಟ್ಟಿದೆ.

"ನಾನೂ ಬರ್ತೇನೆ."

"ನೀವ್ಯಾಕ್ರಿ ಅಣ್ಣಾರ, ಬಿಸಿಲಾಗ?"

"ಭಿವಂಡಿ ನೋಡಿಲ್ಲ" ಎಂದೆ. ಡೈರಿಯ ಪ್ರಕಾರ ಅದಕ್ಕೆ ಮೊದಲು ಭಿವಂಡಿಗೆ ಒಂಬತ್ತು ಸಲ ಹೋಗಿದ್ದೆ.

ಮಾಸ್ಟರು ನನ್ನನ್ನು ಒಮ್ಮೆ ನೋಡಿದರು.

ಕೆಳಗಿಳಿದರೆ ರಾಜಾಸಾಬ ಮೊದಲು ಎಸ್‌ಟಿಡಿ ಬೂತಿಗೆ ಹೋದ. ಪ್ರತಿ ಭಾನುವಾರ ಹನ್ನೊಂದಕ್ಕೆ ಅವನ ಹೆಂಡತಿ ಮಮ್ತಾಜ್ ಊರಿನ ಕಿರಾಣಿ ಅಂಗಡಿಯ ಫೋನಿನ ಹತ್ತಿರ ಬಂದು ಕೂತಿರುತ್ತಾಳಂತೆ. ಬೂತು ನೀವು ಕಂಡದ್ದೇ, ಒಬ್ಬ ನಿಂತರೆ ಮೊಣಕೈಗೆ ಜಾಗವಿರದ ಗಾಜಿನ ಪೆಟ್ಟಿಗೆ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾವು ಅಗಲಿದಂತೆಯೋ ಅಲ್ಲವೋ? ದೋಣಿಯಲ್ಲಿ, ಮನೆಯಲ್ಲಿ ಅಗಲುವುದೆಂದರೆ ಏನು ಎಂದು ಬರೆದಿದ್ದೆ. ಬೂತಿನ ಬಗ್ಗೆ ಪುಸ್ತಕದಲ್ಲಿ ಇರಲಿಲ್ಲ. ಅಪಾಯ ಬೇಡವೆಂದು ನಾನೂ ಒಳಗೆ ನುಗ್ಗಿದೆ. ಅವನ ಗಡ್ಡ ನನ್ನ ಹಣೆಗೆ ತಾಗುತ್ತಿತ್ತು.

"ಮಶೀನ್ ಆತು" ಎಂದು ಅವನು ಫೋನಿನಲ್ಲಿ ಕೂಗಿದ. "ಹೌದು, ಆತು. ಮಾತ ಮುಗೀತು. ಖೋಲಿನೂ ಹಿಡಿದೀನಿ. ಇನ್ನ ಯಾಕ ಅಲ್ಲಿ? ಕೂಸಿನ ಕರಕೊಂಡು ಬುಧವಾರ ಹೊಂಟ ಬಾ."

ಆಗಲೇ ನನಗೆ ಗೊತ್ತಾದದ್ದು. ಅವನ ಒಬ್ಬನ ಹಮಾಲಿಯಲ್ಲಿ ಖೋಲಿಯ ಬಾಡಿಗೆ ಕೊಟ್ಟು ಮೂರು ಹೊಟ್ಟೆ ತುಂಬುವುದಿಲ್ಲ. ಮಶೀನು ಇದ್ದರೆ ಹೆಂಡತಿ ಕೂತಲ್ಲೇ ಪಿಕೋ ಹಾಕಿ ಬಾಡಿಗೆಯ ಭಾಗ ದುಡಿಯುತ್ತಾಳೆ. ಎರಡು ವರ್ಷದಿಂದ ಅವರು ಸಂಸಾರ ಮಾಡುತ್ತಿದ್ದದ್ದು ಆ ಫೋನಿನಲ್ಲಿ. ಮಗು ಹುಟ್ಟಿದ್ದನ್ನೂ ಅವನು ಆ ಬೂತಿನಲ್ಲೇ ಕೇಳಿದ್ದ.

"ಮಶೀನಿನ ಅಣ್ಣಾರು ಇಲ್ಲೇ ಅದಾರ, ಮಾತಾಡು" ಎಂದು ಅವನು ರಿಸೀವರನ್ನು ನನ್ನ ಕಿವಿಗೆ ಒತ್ತಿದ. ಒತ್ತಲು ದೂರವೇನೂ ಇರಲಿಲ್ಲ.

"ಅಣ್ಣಾರ" ಎಂದಿತು ಅತ್ತಲಿನ ದನಿ. "ಸಪ್ಪಳ ಭಾಳ ಮಾಡ್ತದೇನ್ರಿ ಅದು? ಕೂಸು ಮಲಗಿದಾಗಷ್ಟ ನನಗ ಟೈಮ್ ಸಿಗತದ."

ಏಳು ದೋಷಗಳ ಪಟ್ಟಿ ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ. ಒಂದು ಕ್ಷಣ ಅಕ್ಕ ಹೊಲಿಯುತ್ತಿದ್ದ ರಜೆಯ ಮಧ್ಯಾಹ್ನಗಳು ನೆನಪಾದವು. "ಇಲ್ಲ ತಂಗಿ" ಎಂದೆ, "ಅದರ ಸದ್ದಿಗೇ ನಾನು ನಿದ್ದೆ ಹೋಗ್ತಿದ್ದೆ."

ಇಲ್ಲಿಗೆ ನಾನು ಬದಲಾದೆ, ಬೂತಿನಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದುಬಿಟ್ಟೆ ಎಂದು ಬರೆಯಲು ಆಸೆಯಿದೆ. ಡೈರಿ ಬಿಡುವುದಿಲ್ಲ. ಅದರಲ್ಲಿ ಹನ್ನೊಂದು ಹದಿನೈದಕ್ಕೆ ಸ್ಪಷ್ಟವಾಗಿ ಬರೆದಿದೆ: "ಇನ್ನೂ ಅಗಲಿಲ್ಲ. 7ಕ್ಕೆ ನೋಡೋಣ."

ಶೇರ್ ರಿಕ್ಷಾದಲ್ಲಿ ಮೈಗೆ ಮೈ ಒತ್ತಿ ಕೂತು ಭಿವಂಡಿಗೆ ಹೋದೆವು. ಅವನು ಬೀಡಿ ತರಲು ಹೋದರೆ ನಾನೂ ಹೋದೆ. ನಮಾಜಿಗೆ ಹೋದಾಗ ಮಸೀದಿಯ ಮೆಟ್ಟಿಲಿನ ಮೇಲೆ, ಅವನ ಬೆನ್ನು ಕಾಣುವ ಕಡೆ ಕೂತೆ. ಅವನ ಜೊತೆಯ ಹಮಾಲರು ಊಟಕ್ಕೆ ಕೂತಿದ್ದ ಕಡೆ ಕರೆದುಕೊಂಡು ಹೋಗಿ, "ನಮ್ಮ ರೈಟರ್ ಅಣ್ಣಾರು. ಮುಂಜಾನಿಂದ ನನ್ನ ಬಿಟ್ಟು ಅಗಲವಲ್ರು" ಎಂದು ಪರಿಚಯಿಸಿದ.

"ಲಗ್ನ ಆಗೇದೇನ್ರಿ ಅಣ್ಣಾರ?" ಎಂದು ಒಬ್ಬ ಕೇಳಿದ.

"ಇಲ್ಲ."

"ಅದಕ್ಕ ಮತ್ತ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಈರುಳ್ಳಿ. ಆ ದಿನದ ಪುಟದಲ್ಲಿ ಇದಕ್ಕೆ ಖರ್ಚು ಸೊನ್ನೆ ಎಂದು ಬರೆದಿದ್ದೇನೆ.

ಆಮೇಲೆ ಅವನು ಹಿಡಿದ ಖೋಲಿ ತೋರಿಸಿದ. ಹತ್ತಡಿಗೆ ಎಂಟಡಿ. ಅದರಲ್ಲಿ ಒಂದು ಚಾಪೆ, ಒಂದು ಡಬ್ಬಿ, ಬೇರೇನೂ ಇಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದು ಚೌಕ ಬರೆದಿತ್ತು. ಅದೇನೆಂದು ಕೇಳಿದೆ.

"ಮಶೀನಿನ ಜಾಗಾರಿ. ಅವತ್ತ ನಿಮ್ಮ ಖೋಲಿಯೊಳಗ ಗೇಣಿಲೆ ಅಳದಿದ್ನೆಲ್ಲ. ಬೆಳಕು ಎಡಕ್ಕ ಬರ್ತದ, ಆಕಿಗಿ ಚಲೋ."

ಚೌಕದ ಪಕ್ಕದಲ್ಲಿ ಇನ್ನೊಂದು ಸಣ್ಣ ಚೌಕವಿತ್ತು. ಅದು ತೊಟ್ಟಿಲಿಗೆ.

ನನ್ನ ಜೇಬಿನಲ್ಲಿ ಹದಿನಾಲ್ಕು, ಹದಿನಾಲ್ಕು ಕಾರಣಗಳ ಡೈರಿ ಇತ್ತು. ಅಲ್ಲಿ ನಿಂತು ಅದನ್ನು ತೆಗೆಯಲು ನಾಚಿಕೆಯಾಯಿತು. ಸಾಕು, ಮುಗಿಸಿಬಿಡೋಣ ಎಂದು ತೀರ್ಮಾನಿಸಿದೆ. ನನ್ನ ಆಯುಷ್ಯದಲ್ಲಿ ಪಟ್ಟಿ ಮಾಡದೆ ತಗೊಂಡ ಮೊದಲ ತೀರ್ಮಾನ ಇರಬೇಕು. ನಾಲ್ಕು ಹೆಜ್ಜೆ ನಡೆಯುವುದಷ್ಟೇ ತಾನೆ.

ಹೊರಗೆ ಬಂದು ಒಂದು, ಎರಡು, ಮೂರು ಎಂದು ಹೆಜ್ಜೆ ಹಾಕಿದೆ. ತಿರುಗಿ ನೋಡಿದರೆ ರಾಜಾಸಾಬ ನನ್ನ ಬೆನ್ನಿಗೇ ಇದ್ದ. ನೀರು ಕುಡಿದು ಬರುತ್ತೇನೆ ಎಂದೆ, ಅವನೂ ಬಂದ. ಮೂತ್ರಕ್ಕೆ ಹೋಗುತ್ತೇನೆ ಎಂದೆ, ಅವನಿಗೂ ಬಂತು. ಗಲ್ಲಿಯ ಮೂಲೆ ತಿರುಗಿದೆ. ಮೂಲೆಯಲ್ಲಿ ಅವನ ಚಪ್ಪಲಿಯ ಸದ್ದು. ಬ್ಯಾಡಗಿ, ಬಾಗಲಕೋಟೆ ಎಲ್ಲೇ ಹೋಗಿ, ಆ ಕಡೆಯವರ ಅತಿಥಿ ಸತ್ಕಾರ ದೊಡ್ಡದು ಎಂದು ಕೇಳಿದ್ದೆ. ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಬೆಳಗ್ಗೆ ಇಡೀ ಅವನಿಗೆ ಅಂಟಿಕೊಂಡವನು ಮಧ್ಯಾಹ್ನ ಇಡೀ ಅವನಿಂದ ಬಿಡಿಸಿಕೊಳ್ಳಲು ಒದ್ದಾಡಿದೆ. ಒಟ್ಟು ಐದು ಪ್ರಯತ್ನ, ಐದೂ ವಿಫಲ. 'ನಾನು ಮಾತಿಗೆ ಬದ್ಧ' ಎಂದು ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಹೇಳಿದರೆ ಅಲ್ಲಿಯ ತನಕ ಬದ್ಧನಾಗಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಡೋಂಬಿವಲಿ ತಲುಪಿದಾಗ ಆರು ಐವತ್ತು. ನಮ್ಮ ಗ್ಯಾಲರಿಯಲ್ಲಿ, ನನ್ನ ಬಾಗಿಲಿಗೆ ಒರಗಿಕೊಂಡು ಟೇಲರ್ ನಿಂತಿದ್ದ. ಕೈಯಲ್ಲಿ ನೋಟುಗಳಿದ್ದವು.

"ದೋ ಹಜಾರ್ ಏಕ್‌ಸೌ" ಎಂದ. "ಅಭೀ ಉಠಾತಾ ಹೂಂ. ಗಿನ್ ಲೋ."

ಮಶೀನು ಇವನಿಗೆ ಮಾರಿ ಆಗಿದೆ ಎಂದು ನಾನು ತಕ್ಷಣ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆಸೆಯಿಂದ ಅಲ್ಲ ಎಂದು ಇವತ್ತು ಹೇಳುತ್ತೇನೆ. ಅವತ್ತು ಎಷ್ಟು ಪಾಲು ಆಸೆಯಿತ್ತೋ, ಆ ಒಂದು ಲೆಕ್ಕ ನನ್ನಲ್ಲಿಲ್ಲ. ನಾನು ಸುಮ್ಮನೆ ನಿಂತದ್ದನ್ನು ರಾಜಾಸಾಬ ನೋಡಿದ.

"ಅಣ್ಣಾರ" ಎಂದ ಮೆಲ್ಲಗೆ, ಕನ್ನಡದಲ್ಲಿ. "ಮುಂಜಾನಿಂದ ನೀವು ನನ್ನ ಬಿಟ್ಟಿಲ್ಲ. ಯಾಕಂತ ನನಗೂ ತಿಳೀತದರಿ. ಮಾಸ್ತರು ಹೇಳೂ ಮುಂದ ನಾನೂ ಅಲ್ಲೇ ಕುಂತಿದ್ನೆಲ್ಲ."

ನಾನು ಗೋಡೆ ನೋಡಿದೆ. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಏನಂತ ಹೇಳ್ಲಿ? ನಮ್ಮಲ್ಲಿ ಮಾತ ಆತಂದ್ರ ಆತು. ಮಾಸ್ತರ ಕಡೆ ಹಂಗಲ್ಲ. ನೀವು ಎರಡೂ ಕಡಿಯವರಲ್ಲ, ನಿಮಗ ಯಾವುದು ಸೇರತದೋ ಅದನ್ನ ಹಿಡೀಲಿ ಅಂತ ಬಿಟ್ಟೆ."

"ಮಧ್ಯಾಹ್ನ ನಾನು ಮುಗಿಸಬೇಕು ಅಂತಲೇ ಎದ್ದು ಹೋದೆ ಮಾರಾಯ. ನೀನೇ ಹಿಂದಿಂದೆ ಬಂದೆ."

"ಬಂದೆ" ಎಂದ. "ನೀವು ನೀರಿಗಿ ಹೊಂಟೀರೋ, ಮುಗಿಸಾಕ ಹೊಂಟೀರೋ ನನಗ ಹೆಂಗ ತಿಳೀಬೇಕು? ನೀವು ನೀರಿಗಿ ಹೋದಾಗ ನಾ ಇಲ್ಲೇ ಕುಂತು, ಅಗಲಿದ್ವಿ, ಮಶೀನ್ ನಂದಾತು ಅನ್ನೂದು ಬರೋಬರಿ ಅಲ್ಲಲ್ರಿ. ಹಂಗ ಮಾಡಬಾರದು ಅಂತ ಮಾಸ್ತರು ಬರಿಸಿದ್ರಲ್ಲ. ಎದುರಿನವನ ಮನಸ್ಸು ತಿರುಗೀತು ಅಂತ ಅಂಜಿ ಎದ್ದು ಓಡಬಾರದು ಅಂತ. ನೀವ ಬರದೀರಿ."

ಚಹಾ ಬಂದಾಗ ಬರೆದ ವಾಕ್ಯ. ನಾನು ಹಕ್ಕನ್ನು ನೆನಪಿಟ್ಟೆ. ಆ ಹಕ್ಕು ಇನ್ನೊಬ್ಬನಿಗೂ ಇದೆ, ಅದನ್ನು ಕದಿಯಬಾರದು ಎಂಬ ಸಾಲನ್ನು ಬಿಸ್ಕತ್ತಿನ ಜೊತೆ ನುಂಗಿಬಿಟ್ಟೆ. ಅವನು ತನ್ನದಲ್ಲದ ಪಂಥದ ನಿಯಮವನ್ನು, ತನಗೆ ನಷ್ಟವಾಗುವ ಕಡೆಗೆ, ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನನ್ನ ಹಿಂದೆ ನಡೆದು ಪಾಲಿಸಿದ್ದ. ಬುಧವಾರ ಹೊರಡಲು ಹೆಂಡತಿಗೆ ಹೇಳಿಯಾದ ಮೇಲೂ.

"ರಾಜಾಸಾಬಣ್ಣ" ಎಂದೆ. "ನೀವು ಇಲ್ಲೇ ನಿಲ್ಲಿ. ಈಗ ಮಾತ್ರ ಹಿಂದೆ ಬರಬೇಡಿ." 'ನೀವು' ಎಂದದ್ದು ಅವತ್ತೇ ಮೊದಲು.

ಗ್ಯಾಲರಿಯ ಕೊನೆಯ ನಲ್ಲಿಯ ತನಕ ನಡೆದೆ. ಹನ್ನೊಂದು ಹೆಜ್ಜೆ. ಸುಮ್ಮನೆ ನಲ್ಲಿ ಮುಟ್ಟಿ, ವಾಪಸು ಬಂದೆ. ನೀರಿನ ಸರದಿಗೆ ಕೊಡ ಇಟ್ಟಿದ್ದ ಹೆಂಗಸೊಬ್ಬಳು ವಿಚಿತ್ರವಾಗಿ ನೋಡಿದಳು. ಟೇಲರನಿಗೆ, "ಬಿಕ್ ಗಯಾ", ಮಾರಿ ಆಯಿತು, ಎಂದೆ. ಅವನು ನನ್ನನ್ನು, ರಾಜಾಸಾಬನನ್ನು, ನಲ್ಲಿಯನ್ನು ನೋಡಿ ನೋಟು ಜೇಬಿಗೆ ಹಾಕಿಕೊಂಡು ಹೋದ.

ರಾಜಾಸಾಬ ಹದಿನೆಂಟು ನೂರು ಎಣಿಸಿ ಕೊಟ್ಟರು. ಸ್ಟ್ಯಾಂಡನ್ನು ಅವರು ತಲೆಯ ಮೇಲೆ ಹೊತ್ತರು, ಮಶೀನಿನ ತಲೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಾನು ಸ್ಟೇಷನ್ ತನಕ ಹೋದೆ. ಕಲ್ಯಾಣ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಹತ್ತಿಸಿ ಬಂದಾಗ ಅಂಗಿಯೆಲ್ಲ ಎಣ್ಣೆ. ಅಂದು ಡೈರಿ ಬರೆಯಲು ಮೇಜಿರಲಿಲ್ಲ. ನೆಲದ ಮೇಲೆ ಕೂತು ತೊಡೆಯ ಮೇಲೆ ಇಟ್ಟುಕೊಂಡು ಬರೆದೆ, ಹೆಬ್ಬೆಟ್ಟಿನ ಎಣ್ಣೆ ಪುಟಕ್ಕೆ ಹತ್ತಿತು.

ಮುಂದಿನ ಭಾನುವಾರ ಮಾಸ್ಟರಿಗೆ ಎಲ್ಲ ಹೇಳಿದೆ. ರಾಜಾಸಾಬ ಬಂದಿರಲಿಲ್ಲ, ಊರಿಂದ ಅವರ ಹೆಂಡತಿ, ಮಗು ಬಂದಿದ್ದರು. ಮಾಸ್ಟರು ಪೂರ್ತಿ ಕೇಳಿಸಿಕೊಂಡರು.

"ನಾಲ್ಕು ಸಾಕಿತ್ತಲ್ಲ, ಹನ್ನೊಂದು ಯಾಕೆ?"

"ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ ಮಾಸ್ಟ್ರೇ."

"ಅದಕ್ಕೇ ಅಲ್ವಾ ಈ ಕಾನೂನೆಲ್ಲ" ಎಂದು ಅವರು ಹೊಸ ಕಾಗದ ಮುಂದಿಟ್ಟರು.

ಐರೋಲಿಯ ಅಂಗಡಿಯಲ್ಲಿ ಇದೆಲ್ಲ ನೆನೆಯುತ್ತ ಕೂತಿದ್ದಾಗ, ಅಂಗಡಿಯವನು ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಮಾತಿಗೆ ಕಾಯುತ್ತಿದ್ದ. ಒಂಬೈನೂರೈವತ್ತಕ್ಕೆ ಮಾತಾಗಿ ಆಗಲೇ ಅರ್ಧ ಗಂಟೆ. 'ಘೇತೋ', ತಗೊಳ್ಳುತ್ತೇನೆ, ಎಂದು ನಾನು ಹೇಳಿಯೂ ಆಗಿತ್ತು, ಹಣ ಮಾತ್ರ ಜೇಬಿನಿಂದ ಹೊರಬಂದಿರಲಿಲ್ಲ. ಡ್ರಾಯರ್ ಬಿಗಿ, ಬಣ್ಣ ತಿಳಿ, ಕಾಲು ಎತ್ತರ ಎಂದು ಒಂದೊಂದೇ ಹುಡುಕುತ್ತಿದ್ದೆ. ಎದ್ದೆ. ಬಾಗಿಲ ಕಡೆಗೆ ನಡೆದೆ. ಒಂದು, ಎರಡು, ಮೂರು, ನಾಲ್ಕು.

"ಥಾಂಬಾ ಸಾಹೇಬ" ಎಂದು ಹಿಂದಿನಿಂದ ಅವನು ಕೂಗಿದ. "ನವಶೇ ದ್ಯಾ, ಚಲಾ."

ನೋಡಿ, ಬಜಾರಿನಲ್ಲಿ ನಾಲ್ಕು ಹೆಜ್ಜೆಗೆ ಇರುವ ಅರ್ಥವೇ ಬೇರೆ. ಒಂಬೈನೂರು ಕೊಡಿ ಸಾಕು ಎನ್ನುತ್ತಿದ್ದ, ಐವತ್ತು ರೂಪಾಯಿ ಇಳಿದಿತ್ತು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಇನ್ನೂ ಐವತ್ತು ಇಳಿಯುತ್ತಿತ್ತೇನೋ. ಮಾರಿದವನೇ ಮನಸಾರೆ ಬಿಟ್ಟುಕೊಟ್ಟರೆ ತಗೊಳ್ಳಬಹುದು ಎಂದು ಮಾಸ್ಟರು ಹೇಳುತ್ತಿದ್ದರು ಎಂದೂ ನನಗೆ ಗೊತ್ತು. ಆದರೆ ಅವನು ಬಿಟ್ಟುಕೊಟ್ಟದ್ದು ಮನಸಾರೆ ಅಲ್ಲ, ನಾನು ಹೊರಟೆನೆಂಬ ಅಂಜಿಕೆಯಿಂದ. ತಿರುಗಿ ಬಂದು ಒಂಬೈನೂರೈವತ್ತನ್ನೂ ಎಣಿಸಿ ಕೊಟ್ಟೆ. ಅವನು ಎರಡು ಸಲ ಎಣಿಸಿ, ನನ್ನ ಮುಖ ನೋಡಿ, ಎಣ್ಣೆಯ ಡಬ್ಬಿಯನ್ನು ಪುಕ್ಕಟೆ ಕೈಗೆ ಹಾಕಿದ. ಇಂಥವನಿಗೆ ಏನಾದರೂ ಕೊಟ್ಟು ಬೇಗ ಕಳಿಸುವುದು ಒಳ್ಳೆಯದೆಂದು ಅನಿಸಿರಬೇಕು.

ಈಗ ಆ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಡ್ರಾಯರ್ ಇನ್ನೂ ಬಿಗಿಯಾಗಿಯೇ ಇದೆ. ಕೆಳಗೆ ಕಾಲು ಮಾತ್ರ ಅಭ್ಯಾಸಬಲದಿಂದ ಪೆಡಲ್ ಹುಡುಕುತ್ತದೆ, ಸಿಗದೆ ನೆಲವನ್ನೇ ಸದ್ದಿಲ್ಲದೆ ತುಳಿಯುತ್ತದೆ.